ಹಿನ್ನೀರಿನ ದಡದ ಮನೆ

ಬೆಂಗಳೂರಿನ ಬಸವನಗುಡಿಯಲ್ಲಿ ವಾಸವಾಗಿರುವ, ಬ್ಯಾಂಕಿನ ಸೇವೆಯಿಂದ ನಿವೃತ್ತರಾದ ಗೃಹಸ್ಥರೊಬ್ಬರು ಬೆಳಗಿನ ಕಾಫಿಯೊಡನೆ ಪತ್ರಿಕೆಯನ್ನು ಬಿಡಿಸಿದಾಗ ಮೊದಲು ನೋಡುವುದು ರಾಜಕೀಯದ ಸುದ್ದಿಯನ್ನಲ್ಲ. ಷೇರುಪೇಟೆಯ ಏರಿಳಿತವನ್ನೂ ಅಲ್ಲ. ಒಳಪುಟದ ಮೂಲೆಯಲ್ಲಿ ಅಚ್ಚಾಗುವ ಜಲಾಶಯಗಳ ನೀರಿನ ಮಟ್ಟವನ್ನು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ ೧೨೪.೮೦ ಅಡಿ ಎಂಬುದು ಅವರಿಗೆ ತಮ್ಮ ಮನೆಯ ನಂಬರಿನಷ್ಟೇ ಕಂಠಪಾಠ. ಮಂಡ್ಯದ ರೈತನಿಗೆ ಈ ಅಂಕಿ ಕಬ್ಬು-ಬತ್ತದ ಪ್ರಶ್ನೆ. ಬೆಂಗಳೂರಿನ ಗೃಹಿಣಿಗೆ ನಲ್ಲಿಯ ಪ್ರಶ್ನೆ. ಈ ಗೃಹಸ್ಥರಿಗಾದರೋ, ಜಗಲಿಯಿಂದ ನೀರು ಇಂದು ಎಷ್ಟು ದೂರದಲ್ಲಿದೆ ಎಂಬ ಪ್ರಶ್ನೆ. ೨೦೧೮ರಲ್ಲಿ ಅವರು ಆ ಜಲಾಶಯದ ಹಿನ್ನೀರಿನ ಬಳಿ ಒಂದು ನಿವೇಶನವನ್ನು ಕೊಂಡರು. ಆಮೇಲೆ ಅಲ್ಲಿ ಪುಟ್ಟ ಮನೆಯೊಂದನ್ನು ಕಟ್ಟಿಸಿದರು. ಎಲ್ಲ ಸೇರಿ ೬೦ ಲಕ್ಷ ರೂಪಾಯಿ. ಬಹುಮಟ್ಟಿಗೆ ಭವಿಷ್ಯನಿಧಿಯ ಹಣ.

ಅವರು ಸ್ಥಳವನ್ನು ಮೊದಲು ನೋಡಿದ್ದು ದಸರೆಯ ದಿನಗಳಲ್ಲಿ. ಆ ವರ್ಷ ಕಾವೇರಿ ತುಂಬಿ ಹರಿದಿದ್ದಳು. ಬೇಲಿಯ ಬುಡದವರೆಗೆ ನೀರು. ನೀರಿನ ತುಂಬ ಆಕಾಶ. ದಲ್ಲಾಳಿ ಹೆಚ್ಚು ಮಾತನಾಡಲಿಲ್ಲ. ಮಾತನಾಡುವ ಅಗತ್ಯವೂ ಇರಲಿಲ್ಲ. ಜೊತೆಯಲ್ಲಿದ್ದ ಮನೆಯೊಡತಿ ಮಾತ್ರ, "ಅಂದರೆ, ಈ ನೀರೂ ನಮ್ಮದಾಗುತ್ತದೆಯೇ?" ಎಂದು ಕೇಳಿದರು. ಎಲ್ಲರೂ ನಕ್ಕರು. ಆ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದು ಆರು ತಿಂಗಳು ಕಳೆದ ಮೇಲೆ.

ಜಲಾಶಯದ ದಡವೆಂಬುದು ಕೆರೆಯ ಏರಿಯಂತೆ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಹಿನ್ನೀರಿನ ನೆಲ ಸಾಮಾನ್ಯವಾಗಿ ಚಪ್ಪಟೆ. ಐವತ್ತು ಅಡಿ ನಡೆದರೆ ಒಂದು ಅಡಿ ಇಳಿಯುವಂಥ ನೆಲವೆಂದು ಇಟ್ಟುಕೊಂಡರೂ, ಅಣೆಕಟ್ಟೆಯ ಮಟ್ಟ ಮೂವತ್ತು ಅಡಿ ಕುಸಿದಾಗ ನೀರು ಸಾವಿರದ ಐನೂರು ಅಡಿ ಹಿಂದಕ್ಕೆ ಸರಿದಿರುತ್ತದೆ. ಇನ್ನು ಪಂಚಾಂಗದ ತಮಾಷೆಯೊಂದಿದೆ. ಮಕ್ಕಳಿಗೆ ದೊಡ್ಡ ರಜೆ ಬರುವುದು ಏಪ್ರಿಲ್-ಮೇ ತಿಂಗಳುಗಳಲ್ಲಿ; ನೀರು ತೀರ ಕೆಳಗಿಳಿದಿರುವುದೂ ಆಗಲೇ. ಮೊಮ್ಮಕ್ಕಳು ಈಜುಡುಗೆಯನ್ನು ತುಂಬಿಕೊಂಡು ಬಂದಿಳಿದ ದಿನ ಬೇಲಿಯಾಚೆ ಕಂಡದ್ದು ಬಿರುಕುಬಿಟ್ಟ ಮೆಕ್ಕಲುಮಣ್ಣು, ಮೇಯುವ ಎಮ್ಮೆಗಳು, ಮತ್ತು ಬಹುದೂರದಲ್ಲಿ ಬೆಳ್ಳಿಯ ಎಳೆಯಂಥ ಒಂದು ಗೆರೆ. ೨೦೨೩ರಲ್ಲಿ ಮಳೆ ಕೈಕೊಟ್ಟು ಅಣೆಕಟ್ಟೆ ತುಂಬಲೇ ಇಲ್ಲ. ಆ ಸಲ ದಸರೆಯಲ್ಲಿಯೂ ನೀರು ಬೇಲಿಗೆ ಬರಲಿಲ್ಲ. ೨೦೨೫ರಲ್ಲಾದರೋ ಜೂನ್ ತಿಂಗಳಲ್ಲಿಯೇ ತುಂಬಿತು. ಹಾಗೆ ಜೂನ್‌ನಲ್ಲಿ ತುಂಬಿದ್ದು ಅಣೆಕಟ್ಟೆಯ ಇತಿಹಾಸದಲ್ಲಿ ಅದೇ ಮೊದಲು. ಆದರೆ ಜೂನ್‌ನಲ್ಲಿ ಶಾಲೆಗೆ ರಜೆಯಿರುವುದಿಲ್ಲವಲ್ಲ!

ದಡ ಯಾರದು ಎಂಬುದನ್ನು ಕಾನೂನು ಮೊದಲೇ ತೀರ್ಮಾನಿಸಿಬಿಟ್ಟಿದೆ. ನೀರು ಏರಿ ನಿಲ್ಲುವ ನೆಲವೆಲ್ಲ ಸರ್ಕಾರದ್ದು. ಅದು ಒಣಗಿದಾಗಲೂ ಸರ್ಕಾರದ್ದೇ. ಕ್ರಯಪತ್ರದಲ್ಲಿರುವುದು ನಾಲ್ಕು ಎಲ್ಲೆಗಳ ನಡುವಣ ಮಣ್ಣು ಮಾತ್ರ. ನೋಟಕ್ಕೆ ಎಲ್ಲಿಯೂ ನೋಂದಣಿಯಿಲ್ಲ. ಕಣ್ಣೆದುರಿಗೆ ಸಾಗರವಿದ್ದರೂ ಮನೆಗೆ ಬೇಕಾದ ನೀರಿಗೆ ಇವರು ಕೊಳವೆಬಾವಿಯನ್ನೇ ತೋಡಿಸಬೇಕಾಯಿತು. ಇಂಥ ಕಡೆ ಜಾಗ ಕೊಳ್ಳಹೊರಟವರು ಭೂಪರಿವರ್ತನೆಯ ಆದೇಶವನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬಾರದು. ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ ೭೯ಎ, ೭೯ಬಿ ಕಲಮುಗಳು ೨೦೨೦ರಲ್ಲಿ ರದ್ದಾದುವು, ನಿಜ. ಆದರೆ ಹೊಲವನ್ನು ಕೊಳ್ಳುವ ಹಕ್ಕು ಬೇರೆ. ಹೊಲದಲ್ಲಿ ವಿಹಾರದ ಮನೆ ಕಟ್ಟುವ ಹಕ್ಕು ಬೇರೆ.

ಬ್ಯಾಂಕಿನಲ್ಲಿ ಬಾಳು ಸವೆಸಿದವರಿಗೆ ಲೆಕ್ಕದ ಚಾಳಿ ಸುಲಭವಾಗಿ ಬಿಡುವುದಿಲ್ಲ. ಒಂದು ಮಳೆಗಾಲದ ಮಧ್ಯಾಹ್ನ ಅವರು ಹಾಳೆಯೊಂದನ್ನು ತೆಗೆದುಕೊಂಡು ಕುಳಿತರು. ೬೦ ಲಕ್ಷವನ್ನು ಶೇಕಡಾ ೭ರ ಠೇವಣಿಯಲ್ಲಿಟ್ಟಿದ್ದರೆ ವರ್ಷಕ್ಕೆ ೪ ಲಕ್ಷದ ೨೦ ಸಾವಿರ ಬಡ್ಡಿ. ಕಾವಲಿನವನ ಸಂಬಳ, ವಿದ್ಯುತ್ತು, ಕಂದಾಯ, ಗೆದ್ದಲಿನ ಔಷಧಿ, ಸುಣ್ಣಬಣ್ಣ, ಪ್ರತಿ ಸಲವೂ ಕೆಟ್ಟೇ ಇರುವ ಪಂಪು ಇವೆಲ್ಲ ಕೂಡಿ ಒಂದೂವರೆ ಲಕ್ಷ. ಒಟ್ಟು ೫ ಲಕ್ಷದ ೭೦ ಸಾವಿರ. ಬಳಿಕ ಮನೆಯೊಡತಿಯ ದಿನಚರಿಯನ್ನು ತರಿಸಿ, ಅಲ್ಲಿ ತಂಗಿದ ರಾತ್ರಿಗಳನ್ನು ಎಣಿಸಿದರು. ವರ್ಷಕ್ಕೆ ಸರಾಸರಿ ೧೯. ಭಾಗಿಸಿ ನೋಡಿದರೆ ಒಂದು ರಾತ್ರಿಗೆ ೩೦ ಸಾವಿರ ರೂಪಾಯಿ! ಆ ಹಣಕ್ಕೆ ಮೈಸೂರಿನ ಒಳ್ಳೆಯ ಹೋಟೆಲಿನಲ್ಲಿ ಇಡೀ ಕುಟುಂಬ ಉಂಡು ಮಲಗಬಹುದಾಗಿತ್ತು. ಬೆಳಿಗ್ಗೆ ಎದ್ದು ಕಸ ಗುಡಿಸುವ ಕೆಲಸವೂ ಇರುತ್ತಿರಲಿಲ್ಲ.

ಭೂಮಿಯ ಬೆಲೆ ಏರುತ್ತದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಏರಬಹುದು. ಆದರೆ ಊರೊಳಗಿನ ಮನೆಗೆ ಬಾಡಿಗೆದಾರನೂ ಇದ್ದಾನೆ, ಕೊಳ್ಳುವವನೂ ಇದ್ದಾನೆ. ನೀರಿನ ಅಂಚಿನ ಮನೆಗೆ ಎದುರಿನ ನೀರು ಇರುವಷ್ಟು ದಿನ ಮಾತ್ರ ಗಿರಾಕಿ. ಕೈಗೆ ಹಣ ಬರುವತನಕ ಏರಿದ ಬೆಲೆ ಬಾಯಿಮಾತಿನ ಬೆಲೆಯೇ. ವಾರಾಂತ್ಯಗಳಲ್ಲಿ ಬಾಡಿಗೆಗೆ ಕೊಡುವ ಪ್ರಯೋಗವನ್ನೂ ಇವರು ಮಾಡಿದರು. ಎರಡನೆಯ ತಂಡ ಬಿಟ್ಟುಹೋದ ಸೀಸೆಗಳನ್ನು ಎಣಿಸಿದ ಮೇಲೆ ಅದನ್ನು ಕೈಬಿಟ್ಟರು. ಹೂಡಿಕೆಯೆಂಬ ಮಾತನ್ನು ನಿಷ್ಠುರವಾಗಿ ಹಿಡಿದರೆ, ಇಂಥ ಮನೆ ಹೂಡಿಕೆಯಲ್ಲವೆಂದೇ ಹೇಳಬೇಕು. ಇದು ಖರ್ಚು. ಖರ್ಚೆಂದು ಒಪ್ಪಿಕೊಂಡು ಮಾಡುವವನಿಗೆ ದುಃಖವಿಲ್ಲ. ಲಾಭವೆಂದು ಹೆಂಡತಿಗೆ ಹೇಳಿ ಮಾಡುವವನ ಪಾಡು ಬೇರೆ.

ಲೆಕ್ಕದ ಹಾಳೆಯಲ್ಲಿ ಸೇರದ ಒಂದು ಬಾಬು ಇತ್ತು. ಕಾವಲಿನ ಮುದುಕ ಬೇಸಗೆಯ ಸಂಜೆಯೊಂದರಲ್ಲಿ ಮೊಮ್ಮಕ್ಕಳನ್ನು ಆ ಒಣನೆಲದ ಮೇಲೆ ಕರೆದೊಯ್ದು, ದೂರಕ್ಕೆ ಕೈತೋರಿದ್ದ: "ಅಲ್ಲೇ ಸ್ವಾಮಿ, ನಮ್ಮ ತಾತನ ಹೊಲ ಇದ್ದದ್ದು. ಸರ್ಕಾರ ಕಾಸು ಕೊಡ್ತಂತೆ. ಆ ಕಾಸು ಎಲ್ಲಿಗೆ ಹೋಯ್ತು ಅಂತ ನಮ್ಮಪ್ಪನಿಗೂ ಗೊತ್ತಿರಲಿಲ್ಲ." ೧೯೧೧ರಲ್ಲಿ ಆರಂಭವಾದ ಆ ಕಟ್ಟೆ ಇಪ್ಪತ್ತು ವರ್ಷಗಳಲ್ಲಿ ಮೇಲೇಳುತ್ತ ಹೋದಂತೆ ಕನ್ನಂಬಾಡಿಯೂ ಸುತ್ತಲಿನ ಹಳ್ಳಿಗಳೂ ನೀರೊಳಗೆ ಇಳಿದುವು. ಮುಳುಗಿದ ವೇಣುಗೋಪಾಲಸ್ವಾಮಿಯ ದೇಗುಲವನ್ನು ಈ ಶತಮಾನದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ತಂದು ಎತ್ತರದ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಹೊಲಗಳನ್ನು ಹಾಗೆ ಬಿಚ್ಚಿ ತರಲಾಗುವುದಿಲ್ಲ. ಅಂದಿನಿಂದ ಮೊಮ್ಮಗಳು ನೀರಿಲ್ಲವೆಂದು ಗೊಣಗುವುದನ್ನು ಬಿಟ್ಟಿದ್ದಾಳೆ, ಬೇಸಗೆಯಲ್ಲಿ ಬಂದಾಗಲೆಲ್ಲ "ತಾತನ ಹೊಲ ಕಾಣುತ್ತಿದೆಯೇ?" ಎಂದು ಓಡುತ್ತಾಳೆ.

ಮಗನ ಸಲಹೆ, ಮಾರಿಬಿಡುವುದು ಲೇಸೆಂದು. ತಂದೆಗೆ ವಯಸ್ಸಾಗುತ್ತಿದೆ, ಮೂರು ನಾಲ್ಕು ಗಂಟೆಯ ಪಯಣ, ರಾತ್ರಿ ಎದೆನೋವು ಬಂದರೆ ಹತ್ತಿರದಲ್ಲಿ ವೈದ್ಯರಿಲ್ಲ. ಎಲ್ಲವೂ ಸರಿಯಾದ ಮಾತೇ. ಕಳೆದ ದಸರೆಯ ಹೊತ್ತಿಗೆ ಕೊಳ್ಳುವವರೊಬ್ಬರು ಫೋನು ಮಾಡಿದರು. ಬೆಲೆಯೂ ಸಾಧಾರಣವಾಗಿ ಕುದುರುವಂತಿತ್ತು. ಭಾನುವಾರವೇ ಬಂದು ನೋಡುವುದಾಗಿ ಅವರು ಹೇಳಿದಾಗ ಯಜಮಾನರು ಕ್ಷಣಕಾಲ ತಡೆದು, "ಈಗ ಬೇಡಿ. ನೀರು ತುಂಬಿದೆ. ಏಪ್ರಿಲ್‌ನಲ್ಲಿ ಬಂದು ನೋಡಿ, ಆಗಲೂ ಬೇಕೆನ್ನಿಸಿದರೆ ಮಾತನಾಡೋಣ" ಎಂದರು.

ಅಡಿಗೆಮನೆಯಿಂದ ಮನೆಯೊಡತಿ ಇಣಿಕಿ ನೋಡಿದರು. "ಇದು ಸತ್ಯಸಂಧತೆಯೋ, ಮಾರಲು ಮನಸ್ಸಿಲ್ಲವೋ?"

ಯಜಮಾನರು ಉತ್ತರ ಹೇಳಲಿಲ್ಲ. ಪತ್ರಿಕೆಯ ಒಳಪುಟವನ್ನು ತಿರುವಿ ಆ ದಿನದ ಮಟ್ಟವನ್ನು ಇನ್ನೊಮ್ಮೆ ನೋಡಿದರು.