ಸಂಗನಕಲ್ಲಿನ ಬೂದಿ, ವಾಲಿಯ ಪ್ರಶ್ನೆ

ಬಳ್ಳಾರಿ ನಗರದಿಂದ ಈಶಾನ್ಯಕ್ಕೆ ಎಂಟು ಕಿಲೋಮೀಟರ್ ಸಾಗಿದರೆ ಸಂಗನಕಲ್ಲು ಸಿಗುತ್ತದೆ. ಮೇಲ್ನೋಟಕ್ಕೆ ಬಯಲುಸೀಮೆಯ ಹತ್ತು ಊರುಗಳಲ್ಲಿ ಇದೂ ಒಂದು. ಎರೆ ಹೊಲ, ನೆತ್ತಿ ಸುಡುವ ಬಿಸಿಲು, ಊರಾಚೆ ಯಾರೋ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಮರೆತುಹೋದಂತೆ ನಿಂತ ಗುಡ್ಡಗಳು. ಒಂದು ಸಣ್ಣರಾಚಮ್ಮನ ಗುಡ್ಡ, ಇನ್ನೊಂದು ಹಿರೇಗುಡ್ಡ. ಅದರ ಮಗ್ಗುಲಲ್ಲೇ ಕಪ್ಪಗಲ್ಲು ಗ್ರಾಮ. ಹಂಪಿಗೆ ಹೋಗುವ ಪ್ರವಾಸಿಗರ ಬಸ್ಸುಗಳು ಇತ್ತ ತಿರುಗುವುದೇ ಇಲ್ಲ.

ಆದರೆ ಐದು ಸಾವಿರ ವರ್ಷಗಳ ಹಿಂದೆ ಈ ಗುಡ್ಡಗಳ ಮೇಲೆ ಜನ ಬದುಕಿದ್ದರು. ದನ, ಕುರಿ, ಮೇಕೆ ಸಾಕಿದರು. ಕೊರಲೆ, ಹುರುಳಿ, ಹೆಸರು ಬೆಳೆದು ಉಂಡರು. ಹಿರೇಗುಡ್ಡದ ಕರಿಕಲ್ಲನ್ನು ಒಡೆದು, ಕೆತ್ತಿ, ಉಜ್ಜಿ ನುಣುಪು ಮಾಡಿ ಕೊಡಲಿಗಳನ್ನು ತಯಾರಿಸಿದರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಇಲ್ಲಿ ನಡೆದ ಈ ಕೆಲಸವನ್ನು ಒಂದು ಕಾರ್ಖಾನೆಗೇ ಹೋಲಿಸಬಹುದು. ಗುಡ್ಡದ ತುಂಬ ಕಲ್ಲಿನ ಚಕ್ಕೆಗಳು ಇಂದಿಗೂ ಹರಡಿ ಬಿದ್ದಿವೆ.

ಬಂಡೆಗಳ ಮೈಮೇಲೆ ಉದ್ದ ಕೋಡಿನ ಗೂಳಿಗಳನ್ನು, ಮನುಷ್ಯರನ್ನು ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಕೆಲವು ಬಂಡೆಗಳ ಮೇಲಿನ ಕುಳಿಗಳಿಗೆ ಕಲ್ಲಿನಿಂದ ಬಡಿದರೆ ಗಂಟೆಯಂಥ ನಾದ ಹೊಮ್ಮುತ್ತದೆ. ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲಿ ಇಲ್ಲಿ ಅಡ್ಡಾಡಿ ಕಲ್ಲಿನ ಆಯುಧಗಳನ್ನು ಆರಿಸಿದ. 1940ರ ದಶಕದಲ್ಲಿ ಬಿ. ಸುಬ್ಬರಾವ್ ಉತ್ಖನನ ನಡೆಸಿದರು. ಆಮೇಲೆ ಪ್ರೊ. ರವಿ ಕೋರಿಶೆಟ್ಟರ್, ನಿಕೋಲ್ ಬೋಯ್ವಿನ್, ಡೋರಿಯನ್ ಫುಲ್ಲರ್ ಮೊದಲಾದವರು ವರ್ಷಗಟ್ಟಲೆ ದುಡಿದರು.

ಇಷ್ಟೆಲ್ಲ ಮಾಡಿದ ಆ ಜನ ಒಂದು ಅಕ್ಷರವನ್ನೂ ಬಿಟ್ಟು ಹೋಗಲಿಲ್ಲ. ಅವರು ಬಿಟ್ಟುಹೋದದ್ದು ಕಲ್ಲು, ಮಡಕೆ ಚೂರು ಮತ್ತು ಬೂದಿ. ಆ ಬೂದಿಗೆ ಮಾತು ಕೊಟ್ಟದ್ದು, ಸಾವಿರಾರು ವರ್ಷಗಳ ನಂತರ, ಕಾವ್ಯ.

ಬೂದಿಗೊಂದು ಕಥೆ

ಸಣ್ಣರಾಚಮ್ಮನ ಗುಡ್ಡದ ನೆತ್ತಿಯನ್ನು ಅಗೆದಾಗ ಹಳೆಯ ಊರಿನ ಅಡಿಯಲ್ಲಿ ಬೂದಿಯ ಪದರ ಕಂಡಿತು. ಇಂಥ ಬೂದಿದಿಬ್ಬಗಳು ಬಳ್ಳಾರಿ ಸೀಮೆಯಲ್ಲಿ ಹಲವಿವೆ. ಹೊಸಪೇಟೆ ರಸ್ತೆಯ ಕುಡತಿನಿಯದು ಅವುಗಳಲ್ಲೆಲ್ಲ ಹೆಸರುವಾಸಿ. ಅದೇ ಕುಡತಿನಿಯಲ್ಲಿ ಇಂದು ಕಲ್ಲಿದ್ದಲು ಸುಡುವ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದ್ದು, ಹಳೆಯ ಬೂದಿಯ ನೆರೆಯಲ್ಲಿ ಹೊಸ ಬೂದಿಯೂ ಬೀಳುತ್ತಿದೆ.

ಬೂದಿ ಎಲ್ಲಿಂದ ಬಂತು? ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಇಂಗ್ಲಿಷ್ ಅಧಿಕಾರಿ 1843ರಲ್ಲಿ ಈ ದಿಬ್ಬಗಳ ಬಗ್ಗೆ ಲೇಖನ ಬರೆದ. ರಕ್ಕಸರನ್ನು ಸುಟ್ಟ ಬೂದಿ ಎಂಬುದು ಸೀಮೆಯ ಜನರ ನಂಬಿಕೆಯಾಗಿತ್ತು. ಜ್ವಾಲಾಮುಖಿಯದಿರಬಹುದೇ, ಕಬ್ಬಿಣ ಕರಗಿಸಿದ್ದಿರಬಹುದೇ ಎಂದು ವಿದ್ವಾಂಸರು ತಲೆಕೆಡಿಸಿಕೊಂಡರು. ದನದ ಸಗಣಿಯ ಬೂದಿ ಇರಬೇಕೆಂದು ಊಹಿಸಿದವನು ಫೂಟ್. 1960ರಲ್ಲಿ ಎಫ್.ಇ. ಝಾಯ್ನರ್ ಕುಡತಿನಿಯ ಮಾದರಿಗಳನ್ನು ಪರೀಕ್ಷಿಸಿ ಅದನ್ನು ಖಚಿತಪಡಿಸಿದರು. ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ದೊಡ್ಡಿ ಕಟ್ಟಿ ದನ ಕೂಡುತ್ತಿದ್ದರು, ರಾಶಿಬಿದ್ದ ಸಗಣಿಗೆ ಆಗಾಗ ಬೆಂಕಿ ಇಡುತ್ತಿದ್ದರು. ಕಾವು ಹೆಚ್ಚಾದ ಕಡೆ ಅದು ಕರಗಿ ಕಿಟ್ಟದಂತೆ ಗಟ್ಟಿಯಾಯಿತು.

ಇದು ವಿಜ್ಞಾನದ ಉತ್ತರ. ಕಾವ್ಯದ ಉತ್ತರ ಕೇಳಬೇಕಾದರೆ ಇನ್ನೂ ಪಶ್ಚಿಮಕ್ಕೆ, ತುಂಗಭದ್ರೆಯ ದಡಕ್ಕೆ ಹೋಗಬೇಕು. ಹಂಪಿಯ ವಿಠ್ಠಲ ದೇಗುಲದ ಪೂರ್ವಕ್ಕೆ ನಿಂಬಾಪುರವೆಂಬ ಹಳ್ಳಿ. ಅಲ್ಲಿಯೂ ಒಂದು ಬೂದಿದಿಬ್ಬವಿದೆ. ಅದು ವಾಲಿಯನ್ನು ಸುಟ್ಟ ಜಾಗವೆಂದು ಸುತ್ತಲಿನವರು ತೋರಿಸುತ್ತಾರೆ. ಹೊಳೆಯ ಆಚೆ ಆನೆಗೊಂದಿ ಎಂದರೆ ಕಿಷ್ಕಿಂಧೆ. ಒಂದು ಬೆಟ್ಟ ಅಂಜನಾದ್ರಿ, ಒಂದು ಋಷ್ಯಮೂಕ, ಒಂದು ಗುಹೆ ಸುಗ್ರೀವನದು. ರಾಮ ಮಳೆಗಾಲ ಕಳೆದದ್ದು ಮಾಲ್ಯವಂತದ ಮೇಲೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಜನ ಆ ಬೂದಿಗೆ ಗೆದ್ದವನ ಹೆಸರಿಡಲಿಲ್ಲ. ಸೋತು ಸತ್ತವನ ಹೆಸರಿಟ್ಟರು.

ಮರೆಯಿಂದ ಬಂದ ಬಾಣ

ಕಥೆ ಎಲ್ಲರಿಗೂ ಗೊತ್ತಿರುವುದೇ. ಗವಿಯೊಳಗೆ ಅಸುರನೊಡನೆ ಕಾದಾಡಲು ಹೋದ ವಾಲಿ ಸತ್ತನೆಂದು ತಿಳಿದು ತಮ್ಮ ಸುಗ್ರೀವ ಪಟ್ಟವೇರುತ್ತಾನೆ. ಮರಳಿ ಬಂದ ಅಣ್ಣ ಅವನನ್ನು ಓಡಿಸಿ, ಅವನ ಹೆಂಡತಿ ರುಮೆಯನ್ನು ಇರಿಸಿಕೊಳ್ಳುತ್ತಾನೆ. ಸುಗ್ರೀವನೊಡನೆ ಸ್ನೇಹದ ಒಪ್ಪಂದ ಮಾಡಿಕೊಂಡ ರಾಮ, ಅಣ್ಣ ತಮ್ಮಂದಿರು ಸೆಣಸುತ್ತಿರುವಾಗ ಮರೆಯಲ್ಲಿ ನಿಂತು ವಾಲಿಯ ಎದೆಗೆ ಬಾಣ ಬಿಡುತ್ತಾನೆ.

ವಾಲ್ಮೀಕಿ ಅವಸರದಿಂದ ಮುಂದೆ ಹೋಗುವುದಿಲ್ಲ. ಸಾಯುತ್ತಿರುವವನ ಬಾಯಿಗೆ ಮಾತು ಕೊಡುತ್ತಾನೆ. ನಿನಗೆ ನಾನೇನು ಕೇಡು ಮಾಡಿದ್ದೆ? ಎದುರಿಗೆ ಬಾರದೆ ಅಡಗಿ ಹೊಡೆಯುವುದು ಯಾವ ಧರ್ಮ? ಹೀಗೆ ವಾಲಿ ಕೇಳುತ್ತಾನೆ. ರಾಮನೂ ಉತ್ತರಿಸುತ್ತಾನೆ. ಈ ಬೆಟ್ಟ ಕಾಡುಗಳ ಸಮೇತ ಭೂಮಿಯೆಲ್ಲ ಇಕ್ಷ್ವಾಕುಗಳದು, ತಪ್ಪು ಮಾಡಿದವರನ್ನು ದಂಡಿಸುವ ಹಕ್ಕು ನಮಗಿದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ನೀನು ಅಪರಾಧಿ. ಅಲ್ಲದೆ ನೀನೊಂದು ಮೃಗ, ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡಿದರೆ ದೋಷವಿಲ್ಲ. ಕೊನೆಗೆ ವಾಲಿ ಕೈಮುಗಿದು ಒಪ್ಪಿಕೊಳ್ಳುತ್ತಾನೆ, ಮಗ ಅಂಗದನನ್ನು ನೋಡಿಕೊಳ್ಳೆಂದು ಬೇಡುತ್ತಾನೆ.

ವಾಲಿ ಒಪ್ಪಿದ, ಓದುಗರು ಒಪ್ಪಲಿಲ್ಲ. ಈ ಮೂರು ಉತ್ತರಗಳನ್ನು ಇವತ್ತಿನ ಮಾತಿಗೆ ಇಳಿಸಿ ನೋಡಿದರೆ ಕಾರಣ ತಿಳಿಯುತ್ತದೆ. ಕಾಡಿನಲ್ಲಿ ಇದ್ದವರ ನೆಲ ಯಾರದು? ಅವರ ತಪ್ಪು ಒಪ್ಪುಗಳನ್ನು ಯಾರ ಕಾನೂನಿನಿಂದ ಅಳೆಯಬೇಕು? ಅಪರಾಧಿ ಎಂದು ನ್ಯಾಯ ಹೇಳಿದ ಮೇಲೆ, ನಮ್ಮಂಥ ಮನುಷ್ಯನೇ ಅಲ್ಲವೆಂದು ಮರೆಯಿಂದ ಕೊಲ್ಲುವುದು ಹೇಗೆ ಸರಿ? ವಾಲಿ ನಿರಪರಾಧಿಯಲ್ಲ, ರುಮೆಯ ಕಡೆಯಿಂದ ನೋಡಿದರೆ ಅವನ ಮೇಲಿನ ದೂರು ಸಣ್ಣದಲ್ಲ. ಅಪರಾಧಿಯಾದವನಿಗೂ ಎದುರು ನಿಂತು ಕೇಳುವ ಹಕ್ಕುಂಟೇ ಎಂಬುದೇ ಇಲ್ಲಿನ ಪ್ರಶ್ನೆ. ಯಾವ ರಾಜ್ಯವ್ಯವಸ್ಥೆಯೂ ಇದನ್ನು ದಾಟಿ ಹೋಗಿಲ್ಲ.

ಕನ್ನಡದ ಉತ್ತರಗಳು

ಕನ್ನಡ ಕವಿಗಳಿಗೂ ಈ ಪ್ರಶ್ನೆ ಚುಚ್ಚಿದೆ. ಹನ್ನೆರಡನೆಯ ಶತಮಾನದ ಆಸುಪಾಸಿನ ನಾಗಚಂದ್ರ ಜೈನ ಪರಂಪರೆಯ ದಾರಿ ಹಿಡಿದ. ಅಲ್ಲಿ ವಾನರರು ಮೃಗಗಳೇ ಅಲ್ಲ, ಕಪಿಧ್ವಜದ ವಿದ್ಯಾಧರರು. ವಾಲಿ ರಾಜ್ಯವನ್ನು ತಮ್ಮನಿಗೆ ಬಿಟ್ಟು ದೀಕ್ಷೆ ಪಡೆದು ಮುನಿಯಾಗುತ್ತಾನೆ. ರಾಮನ ಬಾಣಕ್ಕೆ ಅಲ್ಲಿ ಕೆಲಸವೇ ಇಲ್ಲ. ಪ್ರಶ್ನೆ ಏಳದಂತೆ ಕಥೆಯನ್ನೇ ಬದಲಿಸುವುದೂ ಒಂದು ಉತ್ತರ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ ಮೂಲದ ಹಾದಿಯಲ್ಲೇ ನಡೆದು, ಭಾಮಿನಿ ಷಟ್ಪದಿಯ ಓಟದಲ್ಲಿ ಹಳ್ಳಿಯ ಗಮಕಿಗಳ ಬಾಯಿಗೆ ಕಥೆಯನ್ನು ಮುಟ್ಟಿಸಿತು.

ಕರಾವಳಿಯಲ್ಲಿ ಇದು ಬಹಿರಂಗ ವಿಚಾರಣೆಯೇ ಆಯಿತು. ಕಾಸರಗೋಡು ಸೀಮೆಯ ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಕಟ್ಟಿಕೊಟ್ಟ. ತಾಳಮದ್ದಳೆಯಲ್ಲಿ ವಾಲಿವಧೆ ಎಂದರೆ ರಾತ್ರಿಯೆಲ್ಲ ವಾದ. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿಯ ಅರ್ಥ ಹೇಳಲು ಕುಳಿತರೆ ಎದುರಿನ ರಾಮ ಎಚ್ಚರದಿಂದ ಮಾತಾಡಬೇಕಿತ್ತು. ರಾಮಭಕ್ತರೇ ತುಂಬಿದ ಸಭೆಯಲ್ಲಿ ವಾಲಿಯ ಮಾತಿಗೆ ತಲೆದೂಗುವುದು ತಪ್ಪೆನಿಸಲಿಲ್ಲ. ಭಕ್ತಿ ಮತ್ತು ಪ್ರಶ್ನೆ ಒಂದೇ ಚಾಪೆಯ ಮೇಲೆ ಕೂರಬಹುದೆಂದು ಆ ಸಭೆಗಳು ತೋರಿಸಿಕೊಟ್ಟವು.

ಕುವೆಂಪು ಇನ್ನೊಂದು ಹೆಜ್ಜೆ ಇಟ್ಟರು. 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ ಶಂಬೂಕನನ್ನು ಕೊಲ್ಲಬೇಕಾದ ರಾಮನ ಬಾಣ, ಕೊಲ್ಲು ಎಂದವನ ಕಡೆಗೇ ತಿರುಗುತ್ತದೆ. ಹಳೆಯ ಕಥೆಯನ್ನು ಹೀಗೆ ಬದಲಿಸಬಹುದೇ ಎಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರಿಸಿದರು. ಆ ಚರ್ಚೆ ಕನ್ನಡ ವಿಮರ್ಶೆಯ ದೊಡ್ಡ ಅಧ್ಯಾಯ. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜತೆ ರಾಮನೂ ಅಗ್ನಿಪ್ರವೇಶ ಮಾಡುತ್ತಾನೆ. ಪರೀಕ್ಷೆ ಮಾಡುವವನೂ ಪರೀಕ್ಷೆಗೆ ಒಳಗಾಗಬೇಕು ಎಂಬ ಮಾತು ಅದು. ಡಾ. ಅಂಬೇಡ್ಕರರೂ ವಾಲಿವಧೆಯನ್ನು ಕಟುವಾಗಿ ಪ್ರಶ್ನಿಸಿದ್ದರು. ಅವರು ತೀರಿಕೊಂಡು ಮೂರು ದಶಕಗಳ ಬಳಿಕ, 1987ರಲ್ಲಿ, ಮಹಾರಾಷ್ಟ್ರ ಸರ್ಕಾರ ಆ ಬರಹವನ್ನು ಅಚ್ಚು ಹಾಕಿದಾಗ ಬೀದಿಯಲ್ಲಿ ಪ್ರತಿಭಟನೆಗಳೇ ನಡೆದವು.

ಕವಿಯೂ ಬೇಡನೇ

ಬಳ್ಳಾರಿಯಲ್ಲಿ ಈ ಕಾವ್ಯಕ್ಕೆ ಇನ್ನೊಂದು ನಂಟಿದೆ. ಈ ಸೀಮೆಯಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ನಾಯಕ ಸಮುದಾಯಕ್ಕೆ ವಾಲ್ಮೀಕಿ ತಮ್ಮವನು. ಬೇಡನಾಗಿದ್ದವನು ಆದಿಕವಿಯಾದ ಎಂಬ ಕಥೆ ಅವರಿಗೆ ಪುರಾಣವಷ್ಟೇ ಅಲ್ಲ, ಗುರುತು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದವು. 2009ರ ಚುನಾವಣೆಯಿಂದ ಬಳ್ಳಾರಿ ಲೋಕಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಗೆ ಉಳಿದ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ಸಿರುಗುಪ್ಪ, ಕಂಪ್ಲಿ, ಬಳ್ಳಾರಿ ಗ್ರಾಮೀಣ, ಸಂಡೂರು ಈ ನಾಲ್ಕೂ ಮೀಸಲು. ವಾಲ್ಮೀಕಿ ಜಯಂತಿಯ ಮೆರವಣಿಗೆಗೆ ಯಾವ ಪಕ್ಷದ ಮುಖಂಡರೂ ತಪ್ಪಿಸಿಕೊಳ್ಳುವಂತಿಲ್ಲ.

ಬೇಡರಿಗೆ ವಾಲಿಯ ಪ್ರಶ್ನೆ ಇತಿಹಾಸದಲ್ಲೂ ಎದುರಾಗಿದೆ. ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಗೆ ತಿರುಗಿಬಿದ್ದರು. ಬೇಟೆಗಾರನ ಕೈಯಿಂದ ಬಿಲ್ಲು ಬರ್ಚಿ ಕಸಿಯುವ ಕಾನೂನು ಅವರನ್ನು ಕೇಳಿ ಬಂದದ್ದಲ್ಲ. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಅವರ ಕಥೆ ಉಳಿದದ್ದು ಲಾವಣಿಗಳಲ್ಲಿ.

ವಾಲ್ಮೀಕಿಯ ಹೆಸರಿನಲ್ಲಿ ವೃತ್ತ, ಭವನ, ಪುತ್ಥಳಿಗಳು ಆಗಿವೆ, ಆಗಬೇಕಾದದ್ದೇ. ಕೊಂದವನ ಎದುರು ಕೊಲ್ಲಲ್ಪಟ್ಟವನಿಗೆ ಇಷ್ಟು ದೀರ್ಘವಾದ ಮಾತು ಕೊಟ್ಟ ಕವಿ ಅವನು. ಆ ಮಾತನ್ನು ಓದುವ, ಅದರ ಮೇಲೆ ವಾದಿಸುವ ಮಕ್ಕಳು ಪುತ್ಥಳಿಯ ಸುತ್ತಲಿನ ಓಣಿಗಳಲ್ಲಿ ಬೆಳೆದರೆ ಗೌರವ ಪೂರ್ತಿಯಾಗುತ್ತದೆ.

ಹಾಗೆ ಕಥೆಯನ್ನು ಓಣಿಗೆ ತಂದವರೂ ಇಲ್ಲಿ ಇದ್ದರು. ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ ಆಡಿನ ಚರ್ಮ ಹದ ಮಾಡಿ, ಬಣ್ಣ ತುಂಬಿ, ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಆಡಿಸಿದರು. ಅದೇ ಪರದೆಯ ಮೇಲೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದರು. ರಾಮನ ಗೊಂಬೆ ಕುಣಿದ ಜಾಗದಲ್ಲಿ ಕೋಲು ಹಿಡಿದ ಗಾಂಧಿ ನಡೆದದ್ದು ನೋಡುಗರಿಗೆ ವಿಚಿತ್ರವೆನಿಸಲಿಲ್ಲ. 2023ರಲ್ಲಿ ರಸ್ತೆ ಅಪಘಾತದಲ್ಲಿ ವೀರಣ್ಣ ತೀರಿಕೊಂಡರು.

ಉಳಿಯಬೇಕಾದ ಪುಟಗಳು

ಸಂಗನಕಲ್ಲಿಗೆ ಹೋಗುವವರು ಮೊದಲು ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪ್ರಾಕ್ತನ ವಸ್ತುಸಂಗ್ರಹಾಲಯ ನೋಡುವುದು ಒಳ್ಳೆಯದು. ಕೊಡಲಿ, ಮಡಕೆಗಳನ್ನು ಅಲ್ಲಿ ಕಂಡ ಕಣ್ಣಿಗೆ ಗುಡ್ಡದ ಕಲ್ಲಿನ ಚಕ್ಕೆಗಳೂ ಮಾತಾಡುತ್ತವೆ. ಬೇಸಿಗೆಯಲ್ಲಿ ಬಂಡೆಗಳು ಕೆಂಡದಂತೆ ಕಾಯುವುದರಿಂದ ಚಳಿಗಾಲದ ಬೆಳಗು ಹಿತ. ನೀರು, ತಿಂಡಿ ಜತೆಗಿರಲಿ. ಊರಿನವರೊಬ್ಬರು ದಾರಿ ತೋರಿಸಲು ಬಂದರೆ ಚಿತ್ರಗಳಿರುವ ಬಂಡೆ ಹುಡುಕುವುದು ಸುಲಭ. ಅಲ್ಲಿಂದ ಕುಡತಿನಿ, ನಿಂಬಾಪುರ, ಆನೆಗೊಂದಿಗಳನ್ನು ಸೇರಿಸಿಕೊಂಡರೆ ಎರಡು ದಿನದ ಪ್ರವಾಸ.

ಆದರೆ ಗುಡ್ಡಗಳಿಗೆ ನೆಮ್ಮದಿಯಿಲ್ಲ. ನಾದ ಹೊಮ್ಮುವ ಬಂಡೆಗಳ ಸುದ್ದಿ 2004ರಲ್ಲಿ ಹೊರಜಗತ್ತಿಗೆ ತಲುಪಿದಾಗಲೇ, ಕಲ್ಲುಗಣಿಗಾರಿಕೆಯಿಂದ ಅವುಗಳಿಗೆ ಅಪಾಯವಿದೆ ಎಂದು ಸಂಶೋಧಕರು ಎಚ್ಚರಿಸಿದ್ದರು. ಬೂದಿದಿಬ್ಬಗಳ ಪಾಡೂ ಹಾಗೆಯೇ. ರಸ್ತೆ, ಹೊಲ, ಗೊಬ್ಬರಕ್ಕಾಗಿ ಹಲವು ಕಡೆ ಅವು ಕರಗಿವೆ.

ದಿಬ್ಬವೇ ಹೋದ ಮೇಲೆ ಅದು ಸಗಣಿಯ ಬೂದಿಯೆಂದು ಹೇಳಲು ವಿಜ್ಞಾನಿಗೂ ಸಾಕ್ಷಿ ಇರುವುದಿಲ್ಲ, ವಾಲಿಯ ಚಿತೆಯೆಂದು ಹೇಳಲು ಅಜ್ಜಿಗೂ ಜಾಗವಿರುವುದಿಲ್ಲ. ದನ ಕಾಯ್ದ ಹೆಸರಿಲ್ಲದ ಜನ, ಆ ಬೂದಿಯಲ್ಲಿ ವಾಲಿಯನ್ನು ಕಂಡ ಜನ, ಇಂದು ಅದೇ ನೆಲದಲ್ಲಿ ಮತ ಹಾಕುವ ಜನ, ಎಲ್ಲರೂ ಒಂದೇ ಗುಡ್ಡದ ನೆರಳಿನವರು. ಗುಡ್ಡ ಉಳಿಸುವ ಕೆಲಸ ಇಲಾಖೆಯದು ಮಾತ್ರವಲ್ಲ, ಊರಿನದೂ ಹೌದು.