ಗಾತ್ರ ನೋಡಿ ನಂಬಿದೆ

ಅಪ್ಪನ ತಾಳಮದ್ದಳೆಯ ವಿಡಿಯೊಗಳನ್ನು ಕಳೆದವನು ನಾನೇ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಹಾಕಿದ್ದೆ. ನಡುವೆ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಹೆಸರು ಅದೇ, ಗಾತ್ರವೂ ಒಂದು ಬೈಟ್ ಹೆಚ್ಚುಕಡಿಮೆಯಿಲ್ಲದೆ ಅದೇ. ಮೂಲ ಫೈಲುಗಳನ್ನು ಡಿಲೀಟ್ ಮಾಡಿದೆ. ಮುಂದೊಂದು ದಿನ ಅಮ್ಮ ಕೇಳಿದರೆಂದು ಹಾಕಿದಾಗ ಕರ್ಣಪರ್ವ ಅರ್ಧಕ್ಕೇ ನಿಂತಿತು. ಅಲ್ಲಿಂದಾಚೆಗೆ ಫೈಲಿನ ತುಂಬ ಬರೀ ಸೊನ್ನೆ.

ಕಾಪಿ ಮಾಡುವಾಗ ಕಂಪ್ಯೂಟರ್ ಎಷ್ಟೋ ಸಲ ಪೂರ್ತಿ ಜಾಗವನ್ನು ಮೊದಲೇ ಕಾದಿರಿಸಿ, ಆಮೇಲೆ ತುಂಬುತ್ತಾ ಹೋಗುತ್ತದೆ. ಹಾಗಾಗಿ ಗಾತ್ರ ಸರಿಯಿದ್ದ ಮಾತ್ರಕ್ಕೆ ಒಳಗಿನದು ಸರಿಯಿದೆ ಎಂದೇನಿಲ್ಲ.

ಹೋಲಿಸಿ ನೋಡಬೇಕೆಂದು ನನಗೆ ತಿಳಿಯದೆ ಇರಲಿಲ್ಲ. ಹಿಂದೊಮ್ಮೆ ಎರಡು ದೊಡ್ಡ ಫೈಲುಗಳನ್ನು ಪಠ್ಯ ಹೋಲಿಸುವ ತಂತ್ರಾಂಶಕ್ಕೆ ಕೊಟ್ಟಾಗ, ಅದು ಎರಡನ್ನೂ ರ್‍ಯಾಮಿಗೆ ಎಳೆದುಕೊಳ್ಳಲು ಹೋಗಿ ಯಂತ್ರವೇ ಹ್ಯಾಂಗ್ ಆಗಿತ್ತು. ಮನೆಯ ಕಂಪ್ಯೂಟರಿಗೆ ಇದು ಆಗದ ಕೆಲಸವೆಂದು ಅಂದೇ ಕೈಬಿಟ್ಟಿದ್ದೆ. ನಿಜವಾದ ತಪ್ಪು ನಡೆದದ್ದು ಅಲ್ಲಿ. ಯಾವ ಸಾಲು ಸೇರಿತು, ಯಾವುದು ಹೋಯಿತು ಎಂದು ಹುಡುಕುವುದು ಕಷ್ಟದ ಲೆಕ್ಕ. ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್ರಾಯ್ ಮತ್ತು ಜೇಮ್ಸ್ ಹಂಟ್ 1976ರಲ್ಲಿ ವಿವರಿಸಿದ 'ಡಿಫ್' ತಂತ್ರಾಂಶ ಮಾಡುವುದು ಅದನ್ನೇ. ವಿಡಿಯೊಗೆ ಅದು ಬೇಕಾಗಿಯೇ ಇಲ್ಲ. ಎರಡೂ ಒಂದೇ ಹೌದೋ ಅಲ್ಲವೋ ಎಂದು ತಿಳಿದರೆ ಸಾಕು.

ಅದಕ್ಕೆ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ 'ಸಿಎಂಪಿ' ಎಂಬ ಕಮಾಂಡ್ ಇದೆ, ವಿಂಡೋಸ್‌ನಲ್ಲಿ 'ಎಫ್‌ಸಿ /ಬಿ'. ಸಿಎಂಪಿ ಎರಡೂ ಕಡೆಯಿಂದ ಚೂರುಚೂರಾಗಿ ಓದುತ್ತಾ ಹೋಗಿ, ಮೊದಲ ವ್ಯತ್ಯಾಸ ಸಿಕ್ಕಲ್ಲೇ ನಿಲ್ಲುತ್ತದೆ. ಫೈಲು ಎಷ್ಟೇ ದೊಡ್ಡದಿರಲಿ, ರ್‍ಯಾಮ್ ಹೆಚ್ಚು ಬೇಡುವುದಿಲ್ಲ. ಹೊತ್ತು ಹಿಡಿಯುವುದು ಡಿಸ್ಕಿನಿಂದ ಓದುವುದಕ್ಕೆ ಮಾತ್ರ: ಸೆಕೆಂಡಿಗೆ 100 ಎಂಬಿ ಓದಿದರೆ 50 ಜಿಬಿ ಫೈಲಿಗೆ ಎಂಟು ನಿಮಿಷ ಚಿಲ್ಲರೆ. ಆ ಎಂಟು ನಿಮಿಷ ನಾನು ಕೊಡಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಾಪಿ ಮುಗಿದ ಕೂಡಲೇ ಹೋಲಿಸಿದರೆ ಕಂಪ್ಯೂಟರ್ ಡಿಸ್ಕನ್ನು ಓದದೆ ರ್‍ಯಾಮಿನಲ್ಲಿ ಉಳಿದ ಪ್ರತಿಯನ್ನೇ ತೋರಿಸಿಬಿಡಬಹುದು. ಆದ್ದರಿಂದ ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡಿ, ಕಳಚಿ, ಮತ್ತೆ ಜೋಡಿಸಿ ಹೋಲಿಸಬೇಕು. ಬ್ಯಾಕಪ್ಪಿಗೆ ಬಹಳ ಜನ ನೆಚ್ಚುವ 'ಆರ್‌ಸಿಂಕ್' ಕೂಡ ಸುಮ್ಮನೆ ಓಡಿಸಿದರೆ ಗಾತ್ರ, ತಾರೀಕು ಇಷ್ಟನ್ನೇ ನೋಡುತ್ತದೆ. ಒಳಗನ್ನೂ ನೋಡೆಂದು ಚೆಕ್‌ಸಮ್ ಆಯ್ಕೆ ಕೊಟ್ಟು ಹೇಳಬೇಕು.

ಈಗ ನಾನು ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಒಳಗಿನ ಅಷ್ಟೂ ಬೈಟುಗಳಿಂದ ಲೆಕ್ಕ ಹಾಕಿದ ಗುರುತು, ತೆಗೆದಿಡುತ್ತೇನೆ. ಫೈಲು ಎಷ್ಟು ದೊಡ್ಡದಾದರೂ ಹ್ಯಾಶ್ 64 ಅಕ್ಷರವಷ್ಟೆ; ಒಂದು ಬಿಟ್ ಬದಲಾದರೂ ಬೇರೆಯೇ ಬರುತ್ತದೆ. ಮೂಲ ಕೈಯಲ್ಲಿಲ್ಲದಿದ್ದರೂ ವರ್ಷಗಳ ನಂತರ ಪ್ರತಿ ಕೆಟ್ಟಿದೆಯೇ ಎಂದು ಹೇಳಬಲ್ಲ ಚೀಟಿ ಇದು. ವಿಂಡೋಸ್‌ನಲ್ಲಿ 'ಸರ್ಟ್‌ಯುಟಿಲ್' ಇದನ್ನು ಪುಕ್ಕಟೆ ಮಾಡಿಕೊಡುತ್ತದೆ.

ನಿಮ್ಮ ಮನೆಯಲ್ಲೂ ಮದುವೆಯದೋ, ಅಜ್ಜಿಯ ದನಿಯದೋ ಒಂದೇ ಒಂದು ಪ್ರತಿ ಇರಬಹುದು. ಕಾಪಿ ಮಾಡಿ, ಹೋಲಿಸಿ, ಹ್ಯಾಶ್ ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ದಯವಿಟ್ಟು ಮೂಲಕ್ಕೆ ಕೈ ಹಚ್ಚಬೇಡಿ.