ಟೇಕಲ್ಲಿನ ಬಂಡೆಯ ಬೆಳಕು, ಮನೆಯ ಹಿರಿಯರ ಮೊಗ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲುಮಾರ್ಗವು 1864ರಷ್ಟು ಹಳೆಯದು. ಆ ಮಾರ್ಗದಲ್ಲಿ ಮಾಲೂರಿಗೂ ಬಂಗಾರಪೇಟೆಗೂ ನಡುವೆ ಟೇಕಲ್ ಎಂಬ ನಿಲ್ದಾಣವಿದೆ. ಕೋಲಾರ ಜಿಲ್ಲೆಯ ಈ ಊರು ತನ್ನ ಹೆಸರಿನಲ್ಲಿಯೇ ಕಲ್ಲನ್ನು ಹೊತ್ತುಕೊಂಡಿದೆ. ನಿಲ್ದಾಣದಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುವುವು ಬೂದುಬಣ್ಣದ ಗ್ರಾನೈಟ್ ಬೆಟ್ಟಗಳು, ಒಂದರ ಮೇಲೊಂದು ಜೋಡಿಸಿಟ್ಟಂತಿರುವ ಹೆಬ್ಬಂಡೆಗಳು. ಊರೊಳಗೆ ವರದರಾಜಸ್ವಾಮಿಯ ಪುರಾತನ ದೇವಾಲಯವಿದೆ, ಹಳೆಯ ಶಾಸನಗಳಿವೆ, ಕಲ್ಲನ್ನೇ ನಂಬಿ ಬದುಕುವ ಕಲ್ಲುಕುಟಿಗರ ಕುಟುಂಬಗಳಿವೆ.

ಶಾಸನಗಳನ್ನು ಕಾಣುವ ಅಪೇಕ್ಷೆಯಿಂದ ನಾವು ಅಲ್ಲಿಗೆ ಹೋದಾಗ ಪರಿಚಿತ ಮನೆತನದ ಇಬ್ಬರು ತರುಣರೂ ಜೊತೆಗೆ ಬಂದರು. ಇಬ್ಬರ ಕೈಯಲ್ಲಿಯೂ ಕ್ಯಾಮೆರಾ ಇರುವ ಮೊಬೈಲು. “ಅಯ್ಯನವರೆ, ದಿನಾ ಎಷ್ಟೋ ಫೋಟೋ ತೆಗೀತೇವೆ, ಒಂದೂ ನೆಟ್ಟಗೆ ಬರೋದಿಲ್ಲ” ಎಂಬುದು ಅವರ ಕೊರಗು. ನಮ್ಮ ಯೌವನದಲ್ಲಿ ಆಗ್ಫಾ ಕ್ಲಿಕ್-3 ಎಂಬ ಪೆಟ್ಟಿಗೆ ಕ್ಯಾಮೆರಾ ಇತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆದುದರಿಂದ ಗುಂಡಿ ಒತ್ತುವ ಮುನ್ನ ಹನ್ನೆರಡು ಸಲ ನೋಡುತ್ತಿದ್ದೆವು. ಈಗ ಚಿತ್ರಗಳಿಗೆ ಮಿತಿಯಿಲ್ಲ, ನೋಟಕ್ಕೆ ಮಾತ್ರ ಬಿಡುವಿಲ್ಲ. ಇದರ ಫಲವನ್ನು ನಮ್ಮ ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಮನೆಯ ಹಿರಿಯ ತಾಯಿ ಲಿಂಗೈಕ್ಯಳಾದ ದಿನ ಮಾಲೆ ಹಾಕಲು ಒಂದು ಭಾವಚಿತ್ರಕ್ಕಾಗಿ ಮನೆಯವರೆಲ್ಲ ಹುಡುಕಾಡುತ್ತಾರೆ. ಮೊಬೈಲಿನಲ್ಲಿ ಸಾವಿರ ಚಿತ್ರಗಳಿದ್ದರೂ ಆ ತಾಯಿಯ ಮೊಗ ತಿಳಿಯಾಗಿ ಕಾಣುವುದು ಒಂದೂ ಇರುವುದಿಲ್ಲ. ಕಡೆಗೆ ಗುರುತಿನ ಚೀಟಿಯ ಮಸುಕು ಚಿತ್ರವನ್ನೇ ದೊಡ್ಡದು ಮಾಡಿಸಿ ಗೋಡೆಗೆ ತೂಗುಹಾಕುತ್ತಾರೆ.

ಟೇಕಲ್ಲಿನ ಬಂಡೆಯೇ ಆ ತರುಣರಿಗೆ ಮೊದಲ ಪಾಠ ಹೇಳಿತು. ಬೆಳಗಿನ ಹೊತ್ತು ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಬೆಟ್ಟದ ಸೀಳು, ಉಬ್ಬು, ತಗ್ಗುಗಳೆಲ್ಲ ಎದ್ದು ಕಾಣುತ್ತಿದ್ದವು. ಅದೇ ಬೆಟ್ಟವು ನಡುಹಗಲಿನಲ್ಲಿ ಬಿಳಿಚಿಕೊಂಡ ಗೋಡೆಯಂತಾಯಿತು. ಬೆಟ್ಟ ಬದಲಾಗಲಿಲ್ಲ, ಬೆಳಕು ಬದಲಾಯಿತು. ಮನುಷ್ಯರ ಮೊಗಕ್ಕೂ ಇದೇ ನಿಯಮ ಸಲ್ಲುತ್ತದೆ. ನೆತ್ತಿಯ ಮೇಲಿನ ಸೂರ್ಯನು ಕಣ್ಣಿನ ಗುಳಿಗಳಲ್ಲಿ ಕತ್ತಲೆ ತುಂಬುತ್ತಾನೆ. ಬೆಳಿಗ್ಗೆ, ಸಂಜೆ ಅಥವಾ ಮೋಡ ಮುಸುಕಿದ ಹೊತ್ತಿನ ಬೆಳಕು ಮೃದುವಾದುದು.

ಅಲ್ಲಿನ ಶಾಸನಗಳಲ್ಲಿ ವಿಜಯನಗರದ ಕಾಲದ ಸಾಳುವ ಗೋಪರಾಜನ ಹೆಸರು ಬರುತ್ತದೆ. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಸವೆದ ಅಕ್ಷರಗಳನ್ನು ಕಾಣಿಸಲು ಕೆಲವರು ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜುವುದುಂಟು. ಅದು ಸಲ್ಲದು, ಕಲ್ಲಿಗೆ ಹಾನಿ. ಬಿಸಿಲು ಪಕ್ಕದಿಂದ ಬರುವ ತನಕ ಕಾದರೆ, ಅಥವಾ ಒಂದು ಟಾರ್ಚನ್ನು ಬದಿಯಲ್ಲಿ ಹಿಡಿದು ಬೆಳಕನ್ನು ಅಡ್ಡವಾಗಿ ಹಾಯಿಸಿದರೆ, ಪ್ರತಿ ಅಕ್ಷರದ ಕೊರೆತದಲ್ಲಿಯೂ ನೆರಳು ನಿಂತು ಬರೆಹವು ತಾನಾಗಿ ಮೂಡುತ್ತದೆ. ಎದುರಿನಿಂದ ಫ್ಲಾಶ್ ಹಾಯಿಸಿದರೆ ಇದ್ದ ನೆರಳೂ ಅಳಿದು ಅಕ್ಷರಗಳು ಮಾಯವಾಗುತ್ತವೆ. ತಾಳ್ಮೆಯಿಂದ ಕಾಣುವಂಥದನ್ನು ಬಲಾತ್ಕಾರದಿಂದ ಕಾಣಲಾಗದು.

ಅನಂತರ ಕಲ್ಲು ಕಡಿಯುವ ತಾಣಕ್ಕೆ ಹೋದೆವು. ಅಲ್ಲಿ ಬಂಡೆಯು ಸೈಜುಗಲ್ಲಾಗಿ, ಚಪ್ಪಡಿಯಾಗಿ, ಬೇಲಿಯ ಕಂಬವಾಗಿ ರೂಪ ತಳೆಯುತ್ತದೆ. ತರುಣರಲ್ಲೊಬ್ಬನು ದೂರದಿಂದಲೇ ಮೊಬೈಲಿನಲ್ಲಿ ಹಿಗ್ಗಿಸಿ ಚಿತ್ರ ತೆಗೆಯಲು ತೊಡಗಿದನು. ಹಾಗೆ ಹಿಗ್ಗಿಸಿದ ಚಿತ್ರವು ಹೆಚ್ಚಾಗಿ ಒಡೆದುಹೋಗುತ್ತದೆ. ಕಾಲಿನಿಂದ ನಡೆದು ಹತ್ತಿರ ಹೋಗುವುದೇ ಮೇಲು. ಅದಕ್ಕಿಂತ ಮಿಗಿಲಾಗಿ, ದುಡಿಯುವವನನ್ನು ಕೇಳದೆ ಕದ್ದು ಚಿತ್ರ ತೆಗೆಯುವುದು ಸೌಜನ್ಯವಲ್ಲ. ಹತ್ತಿರ ಹೋಗಿ ಕುಳಿತು ಕೇಳಿದೆವು. ವಯಸ್ಸಾದ ಆ ಕಲ್ಲುಕುಟಿಗರು ಸುತ್ತಿಗೆ ಕೆಳಗಿಟ್ಟು ನಕ್ಕು, “ತೆಗೀರಿ ಸ್ವಾಮಿ. ಬಂದೋರೆಲ್ಲ ತೆಗೀತಾರೆ, ಯಾರೂ ಒಂದು ಕಾಪಿ ಕೊಟ್ಟಿಲ್ಲ” ಎಂದರು. ಆ ಮಾತು ನಮ್ಮ ಮನಸ್ಸಿಗೆ ನಾಟಿತು. ಕಾಯಕದ ಮಹತ್ವವನ್ನು ವೇದಿಕೆಯಲ್ಲಿ ನುಡಿಯುವ ನಾವು, ಕಾಯಕ ಮಾಡುವವರ ಮೊಗವನ್ನು ತೆಗೆದುಕೊಂಡು ಹೋಗಿ ಮರಳಿ ಕೊಡದಿದ್ದರೆ ಆ ನುಡಿಗೆ ಬೆಲೆಯೇನು? ಊರಿಗೆ ಬಂದ ಬಳಿಕ ಅವರ ಭಾವಚಿತ್ರವನ್ನು ಮುದ್ರಿಸಿ ಕಳುಹಿಸುವ ಹೊಣೆಯನ್ನು ಆ ತರುಣರೇ ಹೊತ್ತು ಪೂರೈಸಿದರು.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಹಿರಿಮೆಯೂ ಇಂತಹ ಸಾಮೀಪ್ಯದಲ್ಲಿಯೇ ಇದೆ. ಸಾಮಾನ್ಯ ಜನರ ನಿತ್ಯಜೀವನವನ್ನೇ ಅವರು ಕಪ್ಪುಬಿಳುಪಿನಲ್ಲಿ ಸೆರೆಹಿಡಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ದೊಡ್ಡ ಚಿತ್ರಕ್ಕೆ ದೊಡ್ಡ ವಿಷಯವೇ ಬೇಕೆಂಬುದೇನಿಲ್ಲ ಎಂಬುದಕ್ಕೆ ಅವರ ಜೀವನವೇ ಪ್ರಮಾಣ.

ಓದುಗ ಬಂಧುಗಳು ಇದಕ್ಕಾಗಿ ಟೇಕಲ್ಲಿಗೇ ಹೋಗಬೇಕೆಂದಿಲ್ಲ. ಮನೆಯ ಅಜ್ಜಿಯನ್ನು ಬೆಳಗಿನ ಹೊತ್ತು ಜಗಲಿಯ ನೆರಳಿನಲ್ಲಿ, ಹೊರಬೆಳಕಿಗೆ ಮೊಗಮಾಡಿ ಕೂರಿಸಿರಿ. ಬಾಗಿಲು ಅವರ ಬೆನ್ನ ಹಿಂದಿದ್ದರೆ ಮೊಗ ಕಪ್ಪಾದೀತು. ಮೊಬೈಲಿನ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಬೆರಳಿನ ಜಿಡ್ಡೇ ಅನೇಕ ಚಿತ್ರಗಳ ಮಸುಕಿಗೆ ಕಾರಣ. ತಲೆಯ ಹಿಂದೆ ಕಂಬವೋ ತಂತಿಯೋ ಕ್ಯಾಲೆಂಡರೋ ಇದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಅವರ ಕಣ್ಣಿನ ಮಟ್ಟಕ್ಕೆ ಕುಳಿತು, ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಪರದೆಯಲ್ಲಿ ಅವರ ಮೊಗದ ಮೇಲೆ ಬೆರಳಿಟ್ಟು ಗುರಿ ಹಿಡಿಯಿರಿ. “ನೆಟ್ಟಗೆ ಕೂಡಜ್ಜಿ, ನಗಜ್ಜಿ” ಎಂದು ಪೀಡಿಸಬೇಡಿರಿ. ತವರೂರಿನ ಮಾತು ತೆಗೆಯಿರಿ. ಮಾತಿನ ನಡುವೆ ತಾನಾಗಿ ಅರಳುವ ಮೊಗವೇ ನಿಜವಾದ ಮೊಗ.

ತೆಗೆದುದರಲ್ಲಿ ಉತ್ತಮವಾದ ಒಂದೆರಡನ್ನು ಆರಿಸಿ ಮುದ್ರಿಸಿರಿ. ಬೆನ್ನ ಮೇಲೆ ಹೆಸರು, ಊರು, ತಿಂಗಳು, ವರ್ಷ ಬರೆಯಿರಿ. ಹೆಸರಿಲ್ಲದ ಚಿತ್ರವು ಎರಡು ತಲೆಮಾರು ಕಳೆದರೆ ಯಾರದೋ ಆಗಿಬಿಡುತ್ತದೆ. ಮೊದಲ ಪ್ರತಿಯನ್ನು ಅಜ್ಜಿಯ ಕೈಗೇ ಕೊಡಿರಿ. ಗೋಡೆಯ ಮೇಲೆ ಮಾಲೆ ಹೊತ್ತು ತೂಗುವ ಮೊದಲು ಆ ಚಿತ್ರವನ್ನು ಅವರೇ ಕನ್ನಡಕ ಏರಿಸಿಕೊಂಡು ಒಮ್ಮೆ ನೋಡಿ ಸಂತೋಷಪಡಲಿ.